ಸೆನಿಸಾಳ ಚೊಕ್ಕ ಓಟ

ವಾಲ್ದೆಗ್ರಿಸ್ ಊರಿನಲ್ಲಿ ಮನುಷ್ಯರು ಹೇಗೆ ಬೇಕಾದರೂ ಬದುಕಬಹುದಿತ್ತು, ನಾಯಿಗಳು ಮಾತ್ರ ಚೊಕ್ಕವಾಗಿ ಓಡಬೇಕಿತ್ತು. ಗೋಧಿಯ ಅಳತೆಯಲ್ಲಿ ಮೋಸ ಮಾಡಿದವನು ಚರ್ಚಿನ ಮೊದಲ ಸಾಲಿನಲ್ಲಿ ಕೂತರೆ ಯಾರೂ ಕೆಮ್ಮುತ್ತಿರಲಿಲ್ಲ. ಆದರೆ ಬೇಟೆಗೆ ಬಿಟ್ಟ ಗಾಲ್ಗೊ ನಾಯಿ ಮೊಲದ ಬೆನ್ನಿಗೇ ಅಂಟಿಕೊಂಡು, ಅದು ಎಡಕ್ಕೆ ಹೊರಳಿದರೆ ಎಡಕ್ಕೆ, ಬಲಕ್ಕೆ ಹೊರಳಿದರೆ ಬಲಕ್ಕೆ ಹೊರಳಬೇಕು. ಅದು ಚೊಕ್ಕ ಓಟ. ಮೊಲ ಎಲ್ಲಿ ತಿರುಗೀತೆಂದು ಮೊದಲೇ ಊಹಿಸಿ ಅಡ್ಡ ಹಾದು ಹಿಡಿದರೆ ಅದು ಹೊಲಸು ಓಟ. ಅಂದರೆ, ಬುದ್ಧಿ ಉಪಯೋಗಿಸಿದ ನಾಯಿ ಒಡೆಯನ ಮರ್ಯಾದೆ ಕಳೆಯಿತು ಎಂದರ್ಥ. ಈ ಕಾನೂನು ಮಾಡಿದವರು ನಾಯಿಗಳಲ್ಲ. ಕೂಲಿಯವರಿಗೂ ಇದೇ ಕಾನೂನಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ಆ ವರ್ಷದ ಬೇಟೆಯ ಕೊನೆಯ ಭಾನುವಾರ ಸುತ್ತಲ ಊರುಗಳ ಜಮೀನುದಾರರೆಲ್ಲ ಕುದುರೆಗಳ ಮೇಲೆ ಸಾಲಾಗಿ ನಿಂತು ನೋಡುತ್ತಿದ್ದರು. ಊರಿನ ಧಣಿ ದೊನ್ ಫಾಕುಂದೊನ ಬೂದಿಬಣ್ಣದ ಹೆಣ್ಣು ಗಾಲ್ಗೊ ಸೆನಿಸಾ, ಉತ್ತ ಹೊಲದಿಂದ ಎದ್ದ ಮೊಲವನ್ನು ಒಮ್ಮೆ ನೋಡಿದಳು, ಎರಡನೆಯ ತಿರುವಿನಲ್ಲೇ ಅಡ್ಡ ಹಾದಳು, ಹಿಡಿದಳು. ಒಂದು ಸೀನು ಸೀನುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕುದುರೆಗಳು ಕೂಡ ನಾಚಿಕೊಂಡಂತೆ ತಲೆ ತಗ್ಗಿಸಿದವು. ಆ ಮೌನದಲ್ಲಿ ಒಬ್ಬನೇ ಒಬ್ಬ ಚಪ್ಪಾಳೆ ತಟ್ಟಿದ.

"ಹಿಡಿದೇಬಿಟ್ಲು ಧಣಿ! ಏನ್ ಬುದ್ಧಿ ನೋಡಿ ಅದಕ್ಕೆ!"

ತಟ್ಟಿದವನು ಕ್ರಿಸಾಂತೊ, ದೊನ್ ಫಾಕುಂದೊನ ನಾಯಿಗಳನ್ನು ನೋಡಿಕೊಳ್ಳುವ ಆಳು. ಒಳ್ಳೆಯ ಮನುಷ್ಯ. ಆದರೆ ಯಾವ ಹೊತ್ತಿನಲ್ಲಿ ಸಂತೋಷಪಡಬೇಕೆಂಬುದು ಅವನಿಗೆ ಎಂದೂ ತಿಳಿದಿರಲಿಲ್ಲ. ಸಾವಿನ ಮನೆಯಲ್ಲಿ ಕಡಲೆಯ ಸಾರು ಬಲು ರುಚಿ ಎಂದು ಹೊಗಳಿ ಎರಡನೆಯ ಸಲ ಬಡಿಸಿಕೊಂಡವನು ಅವನು.

ದೊನ್ ಫಾಕುಂದೊ ಕುದುರೆಯ ಮೇಲಿಂದಲೇ ಅವನನ್ನು ನೋಡಿದ. "ಚಪ್ಪಾಳೆ ತಟ್ಟಿದ ಕೈಯಿಂದಲೇ ಹಗ್ಗ ಹಾಕು."

"ಯಾರಿಗೆ ಧಣಿ, ಮೊಲಕ್ಕಾ?"

"ನಾಯಿಗೆ. ಪೈನ್ ತೋಪಿಗೆ ಕರ್ಕೊಂಡು ಹೋಗು. ತಗ್ಗಿನ ಕೊಂಬೆ ನೋಡು. ಹಿಂಗಾಲಿನ ಉಗುರು ನೆಲಕ್ಕೆ ತಾಗ್ತಾ ಇರಬೇಕು. ಬೇಗ ಮುಗೀಬಾರ್ದು, ಹೋದ ಮರ್ಯಾದೆ ನಿಧಾನಕ್ಕೇ ವಾಪಸ್ ಬರೋದು. ಕೊರಳಪಟ್ಟಿ ತಂದು ನನ್ನ ಮುಂದಿಡು. ಇಲ್ದಿದ್ರೆ ನೀನೂ ನಿನ್ನ ಅತ್ತೆನೂ ನನ್ನ ಮನೆ ಖಾಲಿ ಮಾಡಿ, ಆಕಾಶದ ಕೆಳಗೆ ಸಂಸಾರ ಹೂಡಿ."

ಪೈನ್ ತೋಪು ಊರಾಚೆ, ಪಾರಿವಾಳದ ಗೂಡುಮನೆಯ ಹಿಂದಿನ ದಾರಿಯಲ್ಲಿತ್ತು. ಅತ್ತ ಯಾರೂ ಸೌದೆಗೂ ಹೋಗುತ್ತಿರಲಿಲ್ಲ. ನೇತುಹಾಕಿದ ನಾಯಿಗಳ ಹಗ್ಗದ ತುಂಡುಗಳು ಕೊಂಬೆ ಕೊಂಬೆಗೂ ತೂಗುತ್ತಿವೆ, ನೋಡಲಾಗದು ಎನ್ನುತ್ತಿದ್ದರು. ಇನ್ನೊಂದು ಕಾರಣವಿತ್ತು, ಅದನ್ನು ಅನ್ನುತ್ತಿರಲಿಲ್ಲ. ಅಂತರ್ಯುದ್ಧದ ಮೊದಲ ಬೇಸಿಗೆಯಲ್ಲಿ ಕೂಲಿಸಂಘದ ನಾಲ್ವರನ್ನು ಲಾರಿ ಹತ್ತಿಸಿ ಅತ್ತ ಕರೆದೊಯ್ದಿದ್ದರು. ಲಾರಿ ಖಾಲಿ ಬಂದಿತ್ತು. ಎಲ್ಲಿ ಇಳಿಸಿದಿರಿ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆ ನಾಲ್ವರಲ್ಲಿ ಒಬ್ಬ ತಿಯೊದೂಲೊ, ಕ್ರಿಸಾಂತೊನ ಸೋದರತ್ತೆ ಅಬುಂದಿಯಾಳ ಗಂಡ. ಅಬುಂದಿಯಾ ಆಮೇಲೆ ಮುದುಕಿಯಾದಳು. ಆದರೂ ಅವಳು ತೋಪಿನ ಕಡೆ ಬೆನ್ನು ಮಾಡಿ ಕೂತದ್ದನ್ನು ಯಾರೂ ನೋಡಿರಲಿಲ್ಲ.

ಕ್ರಿಸಾಂತೊ ತೋಪು ಹೊಕ್ಕಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹಗ್ಗದ ತುಂಡುಗಳು ಮರವಿಲ್ಲದೆ ಆಕಾಶದಿಂದಲೇ ಇಳಿಬಿಟ್ಟಂತೆ ಕಂಡವು. ಅವನು ಕೊಂಬೆಗೆ ಹಗ್ಗ ಎಸೆದ, ಗಂಟು ಹಾಕಿದ, ಎಳೆದು ನೋಡಿದ. ಕಟ್ಟಿಕೊಂಡದ್ದು ಅವನದೇ ಮುಂಗೈ. ಅದನ್ನು ಬಿಡಿಸಿಕೊಳ್ಳಲು ಹೆಣಗುತ್ತಿರುವಾಗ ಸೆನಿಸಾ ತನ್ನ ಇಡೀ ಭಾರವನ್ನು ಅವನ ತೊಡೆಗೆ ಒರಗಿಸಿ ನಿಂತಳು. ಗಾಲ್ಗೊಗಳು ಮೈ ನೆಕ್ಕುವುದಿಲ್ಲ, ಕುಣಿಯುವುದಿಲ್ಲ, ಸುಮ್ಮನೆ ಬಂದು ಒರಗುತ್ತವೆ, ಗೋಡೆಗೆ ಏಣಿ ಒರಗಿದ ಹಾಗೆ. ಅವಳ ಚರ್ಮ ಈರುಳ್ಳಿಯ ಸಿಪ್ಪೆಯಷ್ಟು ತೆಳು. ಒಳಗಿನ ನಡುಕವೆಲ್ಲ ಅವನ ಕಾಲಿಗೆ ಬಂತು. ತೋಪಿನಲ್ಲಿ ಹಕ್ಕಿಯ ದನಿಯೂ ಇರಲಿಲ್ಲ. ಎಲ್ಲೋ ಒಂದು ಹಗ್ಗ ಗಾಳಿಯಿಲ್ಲದೆಯೇ ತೂಗಿ ಕಿರ್ರೆಂದಿತು.

ಕ್ರಿಸಾಂತೊ ಕೊರಳಪಟ್ಟಿ ಬಿಚ್ಚಿಕೊಂಡ. ಹಗ್ಗವನ್ನು ಅಲ್ಲೇ ಬಿಟ್ಟ.

ಕೊರಳಪಟ್ಟಿಯನ್ನು ದೊನ್ ಫಾಕುಂದೊ ತನ್ನ ಮನೆಯ ತಲೆಬಾಗಿಲ ಒಳಗೋಡೆಯ ಮೊಳೆಗೆ ತೂಗುಹಾಕಿದ. ಅಲ್ಲಿ ಹಿಂದಿನ ವರ್ಷಗಳ ಪಟ್ಟಿಗಳೂ ಇದ್ದವು. ಬಾಗಿಲು ತೆರೆದಾಗಲೆಲ್ಲ ಅವುಗಳ ಕಬ್ಬಿಣದ ಉಂಗುರಗಳು ತಂತಾವೇ ಝಣ್ ಎನ್ನುತ್ತಿದ್ದವು. ಅತಿಥಿಗಳಿಗೆ ಅದು ಇಷ್ಟವಾಗುತ್ತಿತ್ತು ಎಂದು ದೊನ್ ನಂಬಿದ್ದ.

ಮನೆಯಲ್ಲಿ ಅತ್ತೆ ಅಬುಂದಿಯಾ ಒಲೆಯ ಮುಂದೆ ಕೂತಿದ್ದಳು.

"ಏನೋ ಅದು, ಕಂಬಳಿಯೊಳಗೆ?"

"ಸತ್ತ ನಾಯಿ ಅತ್ತೆ."

"ಸತ್ತ ನಾಯಿ ನನ್ನ ಬಾಣಲೆ ನೆಕ್ತಾ ಇದೆ."

"ಊರಿನ ಲೆಕ್ಕಕ್ಕೆ ಸತ್ತಿದೆ. ಧಣಿಗೂ ಹಾಗೇ ಹೇಳಿದ್ದೀನಿ."

"ಅಯ್ಯೋ ನನ್ನ ಅಣ್ಣನ ಹೊಟ್ಟೇಲಿ ಹುಟ್ಟಿದ ಕತ್ತೆಯೇ! ಈ ಮುಪ್ಪಿನಲ್ಲಿ ನನ್ನನ್ನ ಬೀದಿಗೆ ಹಾಕ್ತೀಯಾ? ಈಗಲೇ ಹೊರಗೆ, ಇಬ್ಬರೂ!"

ಅಬುಂದಿಯಾ ಬೈಯುತ್ತ ಎದ್ದಳು. ಸೆನಿಸಾ ಬಂದು ಅವಳಿಗೆ ಒರಗಿದಳು. ಅಬುಂದಿಯಾ ಬೈಯುತ್ತಲೇ ಹಿಂದೆ ಸರಿದಳು. ಸೆನಿಸಾ ಇನ್ನಷ್ಟು ಒರಗಿದಳು. ಕೊನೆಗೆ ಗೋಡೆಗೂ ನಾಯಿಗೂ ನಡುವೆ ಸಿಕ್ಕಿಕೊಂಡ ಮುದುಕಿಗೆ ಬೈಗುಳ ಮುಗಿದುಹೋಯಿತು. "ಬರೀ ಮೂಳೆ ಕಣೋ ಇದು. ಆ ನೆಲದ ಮೇಲೆ ಹುಲ್ಲಿನ ಹಾಸಿಗೆ ಹಾಕು, ಮೊಣಕೈ ಒತ್ತಿ ಹುಣ್ಣಾಗ್ತದೆ. ಮೂಳೆಸಾರಿನಲ್ಲಿ ರೊಟ್ಟಿ ನೆನೆಸು."

ಗಾಲ್ಗೊ ಹೊಲದಲ್ಲಿ ಬಾಣ, ಮನೆಯೊಳಗೆ ಬಿಚ್ಚಿಟ್ಟ ಹಳೆಯ ಬಟ್ಟೆ. ನೆಲದಡಿಯ ಕಾಲುವೆಯಲ್ಲಿ ಹುಲ್ಲು ಉರಿಸಿ ಬೆಚ್ಚಗಿಟ್ಟ ಕೋಣೆಯಲ್ಲಿ ಸೆನಿಸಾ ಬೆಳಗಿನಿಂದ ಸಂಜೆಯವರೆಗೆ ಬಿದ್ದುಕೊಂಡಳು. ಬೊಗಳಲಿಲ್ಲ. ಆದರೆ ಮಲಗುವ ರೀತಿ ನೋಡಿ ಅಬುಂದಿಯಾ ಒಲೆ ಬಿಟ್ಟು ಎದ್ದು ಬಂದಳು. ಬೆನ್ನು ನೆಲಕ್ಕೆ, ನಾಲ್ಕೂ ಕಾಲು ಮೇಲಕ್ಕೆ, ಕಣ್ಣು ಪೂರ್ತಿ ತೆರೆದಿವೆ. ಆಮೇಲೆ ಆ ಕಾಲುಗಳು ಗಾಳಿಯಲ್ಲಿ ಸದ್ದಿಲ್ಲದೆ ಓಡತೊಡಗಿದವು.

"ಲೋ, ಈಗ ನಿಜವಾಗ್ಲೂ ಸತ್ತಿದೆ ನೋಡೋ!"

"ಇಲ್ಲ ಅತ್ತೆ, ಇವು ಕಣ್ಣು ಬಿಟ್ಕೊಂಡೇ ಮಲಗೋದು. ಕನಸಿನಲ್ಲಿ ಯಾರನ್ನೋ ಅಟ್ಟಿಸ್ಕೊಂಡು ಹೋಗ್ತಿದೆ."

ಅಬುಂದಿಯಾ ಶಿಲುಬೆಯ ಗುರುತು ಹಾಕಿಕೊಂಡಳು. "ಹಾಗಾದ್ರೆ ನಮ್ಮೂರಿಗೆ ಹೇಳಿದ ನಾಯಿ ಅಲ್ಲ ಇದು. ಇಲ್ಲಿ ಎಲ್ಲಾರೂ ಎದ್ದು ಓಡಾಡೋವಾಗ್ಲೇ ಕಣ್ಣು ಮುಚ್ಚಿರ್ತಾರೆ."

ಆದರೆ ಗಾಲ್ಗೊಗೆ ದಿನಕ್ಕೊಮ್ಮೆ ಪ್ರಾಣ ಹೋಗುವ ಹಾಗೆ ಓಡಬೇಕು; ಇಲ್ಲದಿದ್ದರೆ ಮನೆಯ ಮಂಚ ಕುರ್ಚಿಗಳಿಗೆ ಉಳಿಗಾಲವಿಲ್ಲ. ಊಟವಾಗಿ ಊರೆಲ್ಲ ಅಡ್ಡಾದ ಹೊತ್ತಿನಲ್ಲಿ, ಮಂಜಿನ ಮರೆಯಲ್ಲಿ, ಗೂಡುಮನೆಯ ಹಿಂದೆ ಬಿಡುವುದೆಂದು ಕ್ರಿಸಾಂತೊ ಯೋಚಿಸಿದ. ಬಾಗಿಲಾಚೆ ಕಾಲಿಟ್ಟದ್ದೇ ಸೆನಿಸಾಳ ಹಲ್ಲು ಕಟಕಟನೆ ಹೊಡೆದುಕೊಂಡವು. ಮೈಯಲ್ಲಿ ಕೊಬ್ಬಿಲ್ಲ, ಮೈಮೇಲೆ ಕೂದಲಿಲ್ಲ. ಅಬುಂದಿಯಾ ಪೆಟ್ಟಿಗೆ ತೆರೆದಳು.

ವಾಲ್ದೆಗ್ರಿಸ್‌ನಲ್ಲಿ ಸತ್ತವರಿಗೆ ಸನ್ಯಾಸಿಗಳ ಕಂದು ನಿಲುವಂಗಿ ತೊಡಿಸಿ, ಸೊಂಟಕ್ಕೆ ಗಂಟುಗಳಿರುವ ಬಿಳಿ ಹುರಿ ಕಟ್ಟಿ ಹೂಳುತ್ತಾರೆ. ಮದುವೆಯಾದ ವರ್ಷವೇ ಗಂಡಹೆಂಡಿರಿಬ್ಬರ ನಿಲುವಂಗಿಗಳೂ ಪೆಟ್ಟಿಗೆ ಸೇರುತ್ತವೆ. ಅಬುಂದಿಯಾಳ ಪೆಟ್ಟಿಗೆಯಲ್ಲಿ ಈಗಲೂ ಎರಡಿದ್ದವು.

"ಅತ್ತೆ, ಇದು ಮಾವನದಲ್ವಾ?"

"ಅವನಂತೂ ಹಾಕ್ಕೊಳ್ಳಲಿಲ್ಲ. ಹಾಕ್ಕೊಳ್ಳೋಕೆ ಬಿಡಲೂ ಇಲ್ಲ. ಇವಳಾದ್ರೂ ಬೆಚ್ಚಗಿರ್ಲಿ." ಅವಳು ಕತ್ತರಿ ಹಾಕಲಿಲ್ಲ, ತೋಳುಗಳನ್ನು ಮಡಿಚಿ, ಹುರಿಯನ್ನು ನಾಯಿಯ ಹೊಟ್ಟೆಗೆ ಬಿಗಿದಳು.

ಮುಂದಿನದಕ್ಕೆ ಕ್ರಿಸಾಂತೊನನ್ನು ದೂರಿ ಫಲವಿಲ್ಲ. ಅವನು ಬರೀ ಸೀನಿದ. ಕೈಯಲ್ಲಿದ್ದ ಹಗ್ಗ ಸಡಿಲವಾದ ಗಳಿಗೆಯಲ್ಲೇ ಗೋಡೆಯ ಬುಡದಿಂದ ಮೊಲ ಎದ್ದಿತು. ಮೊಲ ಊರೊಳಗೆ ನುಗ್ಗಿತು. ಸೆನಿಸಾ ಅದರ ಹಿಂದೆ.

ಬೂದಿಬಣ್ಣದ ನಾಯಿ ಬೂದಿಬಣ್ಣದ ಮಂಜಿನಲ್ಲಿ ಕರಗಿಹೋಯಿತು. ಉಳಿದದ್ದು ನಿಲುವಂಗಿ. ತಲೆಯಿಲ್ಲ, ಕಾಲಿಲ್ಲ, ಸದ್ದಿಲ್ಲ; ಹೆಣದ ಕಂದು ಅಂಗಿಯೊಂದು ನೆಲಕ್ಕೆ ತಾಗದೆ ದೊಡ್ಡ ಬೀದಿಯಲ್ಲಿ ಗಾಳಿಗಿಂತ ಜೋರಾಗಿ ಹೋಯಿತು. ಗಂಟಿನ ಹುರಿ ಮಾತ್ರ ಕಲ್ಲಿಗೆ ತಟ್ ತಟ್ ಎಂದು ಬಡಿಯುತ್ತಿತ್ತು. ದೊನ್ ಫಾಕುಂದೊನ ಮನೆಯಲ್ಲಿ ಕುರಿಮರಿಯ ಊಟ ಮುಗಿಸಿ ಬರುತ್ತಿದ್ದ ಪಾದ್ರಿ ದೊನ್ ಒನೊರೀನೊ ಅದನ್ನು ಕಂಡು, ಎಲ್ಲ ಪ್ರಾರ್ಥನೆಗಳನ್ನೂ ಮರೆತು, ತಿಂದ ಊಟದ ಹೆಸರನ್ನು ಜೋರಾಗಿ ಹೇಳಿದರು. ಸಿವಿಲ್ ಗಾರ್ಡ್ ಪೊಲೀಸಿನ ಸಾರ್ಜೆಂಟ್ ಬಾರ್ರಾಗಾನ್ ಗೋಡೆಯ ಕಡೆ ಮುಖಮಾಡಿ ನಿಂತು ಪ್ರಕೃತಿಯ ಕೆಲಸದಲ್ಲಿದ್ದ. ಕುತ್ತಿಗೆ ತಿರುಗಿಸಿ ನೋಡಿದ. ಮೂರು ಮೂಲೆಯ ಟೋಪಿ ತಲೆಯ ಮೇಲೇ ಉಳಿಯಿತು, ಪ್ಯಾಂಟಿಗೆ ಆ ಅದೃಷ್ಟವಿರಲಿಲ್ಲ.

ಮೊಲ ತಪ್ಪಿಸಿಕೊಂಡಿತು, ಸೆನಿಸಾ ಹಿತ್ತಲ ಬಾಗಿಲಿಂದ ಮನೆ ಸೇರಿ ಹುಲ್ಲಿನ ಹಾಸಿಗೆಯ ಮೇಲೆ ಬಿದ್ದುಕೊಂಡಳು. ಸಂಜೆಯ ಹೊತ್ತಿಗೆ ಇಡೀ ಊರಿಗೆ ಗೊತ್ತಾಗಿತ್ತು. ರೊಟ್ಟಿ ಸುಡುವ ಗೌದೆನ್ಸಿಯಾ ಅಂಗಡಿಯಲ್ಲೇ ನಿಂತು ಹೇಳಿದಳು: "ಹೂತವರು ಯಾಕೆ ಬರ್ತಾರೆ? ಅವರಿಗೆ ಪೆಟ್ಟಿಗೆ ಸಿಕ್ಕಿದೆ, ಗಂಟೆ ಹೊಡೆದಿದ್ದಾರೆ, ಅಂಗಿ ಸಿಕ್ಕಿದೆ. ಅಂಗಿ ಸಿಗದವರೇ ಬಂದಿರೋದು. ಎಲ್ಲಿಂದಲೋ ಕೊನೆಗೂ ಸಂಪಾದಿಸ್ಕೊಂಡು ಬಂದಿದ್ದಾರೆ." ಅಂಗಡಿಯಲ್ಲಿದ್ದವರೆಲ್ಲ ತಮ್ಮ ತಮ್ಮ ರೊಟ್ಟಿಯನ್ನೇ ನೋಡುತ್ತ ನಿಂತರು. ಗೌದೆನ್ಸಿಯಾಳ ಅಣ್ಣನೂ ಆ ಲಾರಿ ಹತ್ತಿದ್ದವನು. ಅಂದಿನಿಂದ ಊರೆಲ್ಲ ಹೊತ್ತಿಗೆ ಮುಂಚೆ ಅಗುಳಿ ಹಾಕಿಕೊಂಡಿತು. ನಾಲ್ಕು ಮನೆಗಳ ಬಾಗಿಲು ಮಾತ್ರ ಅಷ್ಟು ಚಳಿಯಲ್ಲೂ ಓರೆಯಾಗಿ ತೆರೆದೇ ಇದ್ದವು.

ಮರುದಿನ ದೊನ್ ಫಾಕುಂದೊನ ಕೋಣೆಯಲ್ಲಿ ಅಗ್ಗಿಷ್ಟಿಕೆಗೆ ಇದ್ದಿಲು ಹಾಕುವ ಕೆಲಸ ಕ್ರಿಸಾಂತೊನ ಪಾಲಿಗೆ ಬಂತು. ದೊನ್, ಪಾದ್ರಿ, ಸಾರ್ಜೆಂಟ್ ಮೂವರೂ ಬಾಗಿಲು ಹಾಕಿಕೊಂಡು ಕೂತಿದ್ದರು.

"ಕುಡುಕರ ಕಣ್ಣು!" ಎಂದ ದೊನ್. "ಸರಿ, ಎತ್ತರ ಎಷ್ಟಿತ್ತು ಹೇಳಿ. ಮನುಷ್ಯನಷ್ಟಿತ್ತಾ?"

"ಇಲ್ಲ ದೊನ್. ಗಿಡ್ಡ. ಇಷ್ಟೇ." ಪಾದ್ರಿ ಸೊಂಟದ ಬಳಿ ಕೈ ಹಿಡಿದರು. "ಮನುಷ್ಯ ನಡೆದ ಹಾಗಿರಲಿಲ್ಲ. ಮಂಡಿ ಊರಿದವನ ಎತ್ತರ."

ಕೋಣೆಯಲ್ಲಿ ಇದ್ದಿಲು ಚಟ್ಟೆಂದಿತು.

"ಮಂಡಿ ಊರಿಸಿದ್ದು ನಾನಲ್ಲ," ಎಂದ ಸಾರ್ಜೆಂಟ್.

"ನಿನ್ನನ್ನ ಯಾರು ಕೇಳಿದ್ರು?"

"ಊರಿಸಿ ಅಂದೋರು ನೀವು, ದೊನ್ ಫಾಕುಂದೊ. ನಿಂತಿದ್ರೆ ನಿಮ್ಮನ್ನೇ ನೋಡ್ತಾರೆ, ಮಂಡಿ ಊರಿಸಿ ಅಂದ್ರಿ."

"ಬಾಯ್ಮುಚ್ಚು! ಆಳು ಇದ್ದಾನೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರ ಕೋಣೆಯಲ್ಲಿ ನಿಜವಾಗಿ ಕುಂಬಳಕಾಯಿ ಕದ್ದವನು ಒಬ್ಬನೇ ಇದ್ದ. ಅವನು ಇಕ್ಕಳ ಹಿಡಿದು ಅದೇ ಇದ್ದಿಲನ್ನು ಮತ್ತೆ ಮತ್ತೆ ತಿರುವಿಹಾಕುತ್ತಿದ್ದ. ಇವರ ಮಾತಿನ ತಲೆಬುಡ ಕ್ರಿಸಾಂತೊಗೆ ತಿಳಿಯಲಿಲ್ಲ. ಕೊನೆಯ ಮಾತು ಮಾತ್ರ ತಿಳಿಯಿತು. "ಇನ್ನೊಂದು ಸಲ ಕಂಡ್ರೆ ಗುಂಡು ಹಾಕ್ತೀನಿ," ಎಂದ ಸಾರ್ಜೆಂಟ್, "ಸತ್ತಿರ್ಲಿ ಬದುಕಿರ್ಲಿ."

ಕ್ರಿಸಾಂತೊ ಇದ್ದಿಲಿನ ಬುಟ್ಟಿ ಸಮೇತ ಮನೆಗೆ ಓಡಿದ.

"ಅತ್ತೆ! ನಾಯಿಗೆ ಗುಂಡು ಹಾಕ್ತಾರಂತೆ! ಏನೇನೋ ಮಾತಾಡ್ತಾರೆ, ಮಂಡಿ ಊರಿದ ಎತ್ತರ ಅಂತೆ, ಧಣಿಯೇ ಊರಿಸಿ ಅಂದಿದ್ದಂತೆ, ನಿಂತ್ರೆ ನೋಡ್ತಾರಂತೆ..."

ಅಬುಂದಿಯಾ ಬಟಾಣಿ ಸುಲಿಯುತ್ತಿದ್ದಳು. ಕೈ ನಿಂತಿತು. ಹುಲ್ಲಿನ ಹಾಸಿಗೆಯ ಮೇಲೆ ಸೆನಿಸಾ ತೆರೆದ ಕಣ್ಣಿನಲ್ಲಿ ಮಲಗಿ, ಸದ್ದಿಲ್ಲದೆ ಓಡುತ್ತಿದ್ದಳು.

"ಮಂಡಿ ಊರಿಸಿದ್ರು ಅಂತ ಯಾರೂ ಹೇಳಿರ್ಲಿಲ್ಲ ನಂಗೆ," ಎಂದಳು.

"ನಾಯಿಗಾ ಅತ್ತೆ?"

"ನೀನು ಸುಮ್ನಿರು ಮಗಾ. ನಾಡಿದ್ದು ಮೇಣದಬತ್ತಿ ಹಬ್ಬ. ಎಲ್ಲಾ ಚರ್ಚಿನಲ್ಲಿರ್ತಾರೆ. ಗೂಡುಮನೆ ದಾರಿ ಹಿಡಿದು ಇವಳನ್ನ ಆಚೆ ಊರಿಗೆ, ನಿನ್ನ ದೊಡ್ಡಮ್ಮನ ಮಗಳ ಮನೆಗೆ ಮುಟ್ಟಿಸು. ಅಂಗಿ ಬಿಚ್ಚಬೇಡ, ದಾರಿ ಉದ್ದ ಇದೆ, ಚಳಿಗೆ ಸಾಯ್ತಾಳೆ."

ಯೋಜನೆ ಚೆನ್ನಾಗಿತ್ತು. ಎಲ್ಲ ಒಳ್ಳೆಯ ಯೋಜನೆಗಳಂತೆ ಅದಕ್ಕೂ ಪಾದ್ರಿಯೊಬ್ಬರು ಅಡ್ಡ ಬಂದರು. ಹಬ್ಬದ ಮೆರವಣಿಗೆ ಯಾವಾಗಲೂ ಚರ್ಚನ್ನು ಒಂದು ಸುತ್ತು ಹಾಕಿ ಮುಗಿಯುತ್ತದೆ. ಆ ವರ್ಷ ದೊನ್ ಒನೊರೀನೊ, ಯಾವ ಕಾರಣವನ್ನೂ ಕೊಡದೆ, ತೋಪಿನ ದಾರಿಗೆ ತೀರ್ಥ ಚಿಮುಕಿಸಿಬರೋಣ ಎಂದರು. ಯಾರೂ ಕಾರಣ ಕೇಳಲಿಲ್ಲ. ಮುಂದೆ ಪಾದ್ರಿ, ಅವರ ಹಿಂದೆ ಹೊಸ ಕೋಟಿನ ದೊನ್ ಫಾಕುಂದೊ, ಕೋವಿ ಹಿಡಿದ ಸಾರ್ಜೆಂಟ್, ಅವರ ಹಿಂದೆ ಮೇಣದಬತ್ತಿ ಹಿಡಿದ ಊರು. ಮಂಜಿನಲ್ಲಿ ಜನ ಕಾಣುತ್ತಿರಲಿಲ್ಲ, ಉರಿಗಳು ಮಾತ್ರ ಕಾಣುತ್ತಿದ್ದವು. ಬತ್ತಿ ಆರಿದವನು ಆ ವರ್ಷ ದಾಟುವುದಿಲ್ಲವೆಂಬ ಮಾತಿದೆ. ಎಲ್ಲರೂ ಅಂಗೈ ಅಡ್ಡ ಹಿಡಿದು ಉಸಿರು ಬಿಗಿಹಿಡಿದು ನಡೆದರು.

ಗೂಡುಮನೆಯ ಮೂಲೆ ತಿರುಗಿದಾಗ ಎದುರಿಗೆ ಕಂದು ನಿಲುವಂಗಿ ನಿಂತಿತ್ತು.

ಮಂಡಿ ಊರಿದವನ ಎತ್ತರ. ತಲೆಯಿಲ್ಲ. ಕುತ್ತಿಗೆ ಇರಬೇಕಾದಲ್ಲಿ ಬರೀ ಮಂಜು, ಆ ಮಂಜಿನೊಳಗಿಂದ ಉಸಿರಿನ ಹೊಗೆ ಬರುತ್ತಿತ್ತು. ಗೂಡುಮನೆಯ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದುಹೋದವು. ಊರು ಕಲ್ಲಾಯಿತು. ಸಾರ್ಜೆಂಟನ ಕೋವಿ ಅರ್ಧಕ್ಕೆ ಏರಿ ಅಲ್ಲೇ ಗೊಂಬೆಯ ಕೈಯಂತೆ ನಿಂತಿತು. ಅದರಿಂದ ಅವರಿಗೆಲ್ಲ ಒಳ್ಳೆಯದೇ ಆಯಿತು. ಗಾಲ್ಗೊ ಮೂಗಿನಿಂದ ಬೇಟೆಯಾಡುವ ನಾಯಿಯಲ್ಲ, ಕಣ್ಣಿನಿಂದ ಆಡುವುದು. ಅಲುಗದವನ ಗೊಡವೆ ಅದಕ್ಕಿಲ್ಲ.

ದೊನ್ ಫಾಕುಂದೊ ಓಡಿದ.

ಜೀವಮಾನದಲ್ಲಿ ಓಡುವವರನ್ನು ಕುದುರೆಯ ಮೇಲೆ ಕೂತು ನೋಡಿದವನೇ ಹೊರತು ತಾನು ಓಡಿದವನಲ್ಲ. ಆದರೂ ಓಡಿದ. ಬತ್ತಿ ಆರಿತು, ಟೋಪಿ ಹಾರಿತು. ಸೆನಿಸಾಳ ಕಣ್ಣಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ. ಹಿಂದೆ ಮಂಜಿನೊಳಗೆ ನಿಂತಿದ್ದ ಕ್ರಿಸಾಂತೊನ ಹಗ್ಗದ ಕುಣಿಕೆಯಿಂದ ಅವಳ ಕೊರಳು ಜಾರಿತು. ದೊನ್‌ನ ವೇಗಕ್ಕೆ ಅವಳು ಓಡಬೇಕಾಗಲೇ ಇಲ್ಲ, ಹಗುರಾಗಿ ಹೆಜ್ಜೆ ಹಾಕಿದಳು. ಅವನು ಎಡಕ್ಕೆ ಹೊರಳಿದ. ಕಂದು ಅಂಗಿ ಎಡಕ್ಕೆ ಹೊರಳಿತು. ಬಲಕ್ಕೆ ಹೊರಳಿದ, ಬಲಕ್ಕೆ. ಅವನು ನಿಂತು ಏದುಸಿರು ಬಿಟ್ಟರೆ ಅದೂ ನಿಂತು ಕಾಯಿತು. ಸದ್ದು ಹುರಿಯದೊಂದೇ, ತಟ್, ತಟ್. ಹೀಗೆ ಇಬ್ಬರೂ ತೋಪು ಹೊಕ್ಕರು.

ಮೊದಲು ಹೆಜ್ಜೆ ಎತ್ತಿದವಳು ಅಬುಂದಿಯಾ. ಅವಳ ಹಿಂದೆ ಗೌದೆನ್ಸಿಯಾ. ಆಮೇಲೆ ಉರಿಗಳ ಸಾಲು ಪೂರ್ತಿ ಅಲುಗಿತು. ಪಾದ್ರಿ ಹೆಂಗಸರ ಹಿಂದೆ ನಡೆದರು. ಸಾರ್ಜೆಂಟ್ ಎಲ್ಲರಿಗಿಂತ ಹಿಂದೆ.

ದೊನ್ ಫಾಕುಂದೊ ಹಗ್ಗಗಳ ಮರಗಳನ್ನು ದಾಟಿದ. ಯಾರೂ ಹೋಗದ ಆಚೆಯ ಬದಿಗೆ, ಹಳೆಯ ಸುಣ್ಣದ ಗೂಡು ಕುಸಿದು ಬಿದ್ದಿದ್ದ ತಗ್ಗಿನ ಅಂಚಿಗೆ ಬಂದು, ಇನ್ನು ಒಂದು ಹೆಜ್ಜೆಯೂ ಮುಂದೆ ಹೋಗಲಾರದವನಂತೆ ನಿಂತುಬಿಟ್ಟ. ಹಿಂದಿರುಗಿ ನೋಡಿದ. ಅಂಗಿ ಅಲ್ಲೇ ಇತ್ತು. ದೊನ್ ಕಣ್ಣು ಮುಚ್ಚಿ ಮಂಡಿ ಊರಿದ.

"ಇಲ್ಲೇ," ಎಂದ. "ಇಲ್ಲೇ ಇದ್ದೀರಿ, ನಾನು ಮರೆತಿಲ್ಲ. ತಿಯೊದೂಲೊ, ನಿನ್ನ ಮೇಲೆ ಸುಣ್ಣ ಹಾಕ್ಬೇಡಿ ಅಂತ ನಾನು ಹೇಳಿದ್ದೆ, ದೇವರಾಣೆ, ಸಾರ್ಜೆಂಟ್ ಹಾಕಿಸ್ದ. ನಾಲ್ಕೂ ಜನ ಇಲ್ಲೇ ಇದ್ದೀರಿ, ಗೂಡಿನ ಕಲ್ಲಿನ ಪಕ್ಕ. ಏನ್ ಬೇಕು ಹೇಳು. ದೇವರ ಹೆಸರಿನಲ್ಲಿ ಕೇಳ್ತಿದ್ದೀನಿ, ಏನ್ ಬೇಕು?"

ನಿಲುವಂಗಿ ಹತ್ತಿರ ಬಂತು. ತನ್ನ ಇಡೀ ಭಾರವನ್ನು ಅವನ ಹೆಗಲಿಗೆ ಒರಗಿಸಿ ನಿಂತಿತು.

ದೊನ್ ಫಾಕುಂದೊ ಕಣ್ಣು ತೆರೆದ. ಬೂದಿಬಣ್ಣದ ಉದ್ದ ಮೂತಿಯೊಂದು ಅವನ ಕಿವಿಯ ಪಕ್ಕ ಆಕಳಿಸಿತು.

"ನಾಯಿ!" ಎಂದು ಕೂಗಿದ. "ಇದು ನಾಯಿ! ನನ್ನ ನಾಯಿ ಇದು, ಸೆನಿಸಾ!" ಎದ್ದುನಿಂತು ನೋಡಿದರೆ ಸುತ್ತಲೂ ಉರಿಗಳು. ಉರಿಗಳ ಹಿಂದೆ ಒಂದೊಂದಾಗಿ ಮುಖಗಳು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ನಿಮ್ಮ ನಾಯಿ ಸತ್ತಿದೆಯಲ್ಲ ಧಣಿ," ಎಂದಳು ಅಬುಂದಿಯಾ. "ನೀವೇ ಹಗ್ಗ ಹಾಕಿಸಿದ್ರಿ. ಕೊರಳಪಟ್ಟಿ ನಿಮ್ಮನೆ ಗೋಡೆ ಮೇಲೆ ತೂಗ್ತಿದೆ."

"ಹೌದು, ನಾನೂ ನೋಡಿದ್ದೀನಿ ಪಟ್ಟಿನ," ಎಂದಳು ಗೌದೆನ್ಸಿಯಾ.

"ಸತ್ತಿದೆ," ಎಂದರು ಯಾರೋ ಹಿಂದಿನಿಂದ. "ಊರಿಗೆಲ್ಲ ಗೊತ್ತು."

"ಕಣ್ಣು ಕುರುಡಾ ನಿಮಗೆ? ಬಾರ್ರಾಗಾನ್! ಹೇಳು ಇವರಿಗೆ, ಇದು ನಾಯಿ!"

ಸಾರ್ಜೆಂಟ್ ತನ್ನ ಬೂಟುಗಳನ್ನು ನೋಡಿಕೊಂಡ. ಸುಣ್ಣದ ಮಾತು ಅವನಿಗೂ ಕೇಳಿಸಿತ್ತು. ಊರಿನವರಿಗೆ ಕೇಳಿಸಿದ್ದೂ ಅವನಿಗೆ ತಿಳಿದಿತ್ತು. "ಮಂಜು, ದೊನ್," ಎಂದ. "ನಂಗೇನೂ ಕಾಣ್ತಿಲ್ಲ."

ಅಬುಂದಿಯಾ ಗೂಡಿನ ಕಲ್ಲಿನ ಪಕ್ಕಕ್ಕೆ ಬಂದಳು. ಕಷ್ಟಪಟ್ಟು, ಒಂದು ಕೈಯಿಂದ ನಾಯಿಯ ಬೆನ್ನು ಹಿಡಿದುಕೊಂಡು, ಬಗ್ಗಿದಳು. "ಇಲ್ಲೇನಾ?" ಎಂದು ಕೇಳಿದಳು.

ದೊನ್ ಫಾಕುಂದೊನ ಕಾಲು ತನ್ನಷ್ಟಕ್ಕೇ ಒಂದು ಹೆಜ್ಜೆ ಆ ಜಾಗದಿಂದ ಆಚೆ ಸರಿಯಿತು.

ಅವಳು ಮೇಣದಬತ್ತಿಯನ್ನು ಅಲ್ಲಿಯ ಮಣ್ಣಿನಲ್ಲಿ ಊರಿದಳು. ಗೌದೆನ್ಸಿಯಾ ಅದರ ಪಕ್ಕ ತನ್ನದನ್ನು ಊರಿದಳು. ಇನ್ನಿಬ್ಬರು ಹೆಂಗಸರು ಬಂದರು. ಗಾಳಿ ಇರಲಿಲ್ಲ, ಉರಿಗಳು ನೆಟ್ಟಗೆ ನಿಂತವು. ಅಬುಂದಿಯಾ ಸೆನಿಸಾಳ ಹೊಟ್ಟೆಯ ಹುರಿ ಬಿಚ್ಚಿದಳು, ನಿಲುವಂಗಿಯನ್ನು ತೆಗೆದಳು, ಕೊಡವಿದಳು, ನಾಯಿಕೂದಲು ಆಯ್ದಳು, ಮದುವೆಯಾದ ವರ್ಷ ಮಡಿಚಿಟ್ಟಿದ್ದ ಹಾಗೆಯೇ ಮಡಿಚಿ ಆ ಮಣ್ಣಿನ ಮೇಲೆ ಇಟ್ಟಳು. ತನ್ನ ಕಪ್ಪು ಶಾಲನ್ನು ನಡುಗುತ್ತಿದ್ದ ನಾಯಿಗೆ ಹೊದಿಸಿದಳು.

ಪಾದ್ರಿ ಪ್ರಾರ್ಥನೆ ಹೇಳಲೋ ಬೇಡವೋ ಎಂದು ದೊನ್‌ನ ಮುಖ ನೋಡಿದರು. ಯಾರೂ ಅವರಿಗಾಗಿ ಕಾಯಲಿಲ್ಲ.

ಅಷ್ಟರಲ್ಲಿ ಮರಗಳ ನಡುವಿನಿಂದ ಕ್ರಿಸಾಂತೊ ಎದ್ದುಬಿದ್ದು ಬಂದ. ಮೈಯೆಲ್ಲ ಕೆಸರು, ಕೈಯಲ್ಲಿ ಖಾಲಿ ಹಗ್ಗ. ಯಾರ ಮುಖವನ್ನೂ ನೋಡಲಿಲ್ಲ, ಉರಿಗಳನ್ನೂ ನೋಡಲಿಲ್ಲ. ಓಟವನ್ನೆಲ್ಲ ಹಿಂದಿನಿಂದ ನೋಡಿದ್ದ ಅವನ ಕಣ್ಣುಗಳು ಹೊಳೆಯುತ್ತಿದ್ದವು. ನೇರವಾಗಿ ದೊನ್ ಫಾಕುಂದೊನ ಬಳಿಗೆ ಹೋಗಿ, ಕೈ ಎತ್ತಿ, ಇಡೀ ತೋಪು ಮಾರ್ದನಿಸುವಂತೆ ಚಪ್ಪಾಳೆ ತಟ್ಟಿದ.

"ನೋಡಿದ್ರಾ ಧಣಿ? ಒಂದು ತಿರುವಿನಲ್ಲೂ ಅಡ್ಡ ಹಾಯ್ಲಿಲ್ಲ! ಶುರುವಿನಿಂದ ಕೊನೇವರೆಗೂ ನಿಮ್ಮ ಬೆನ್ನಿಗೇ ಇದ್ಲು. ಎಷ್ಟು ಚೊಕ್ಕವಾಗಿ ಓಡಿದ್ಲು!"